ಕರಾವಳಿ ಬಳಗದ ನೂರ ಹನ್ನೆರಡು ಬಯೋಡೇಟಾ

ಡೊಂಬಿವಲಿ ಪೂರ್ವದ ಸರ್ವೋತ್ತಮರಾಯರು ತಮ್ಮ ಐವತ್ತೊಂಬತ್ತು ವರ್ಷಗಳಲ್ಲಿ ಸಭೆಯೊಂದರಲ್ಲಿ ಎದ್ದು ನಿಂತು ಆಡಿದ್ದು ಒಂದೇ ಒಂದು ವಾಕ್ಯ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ಇದ್ದ ಬಂಗಾರವನ್ನೆಲ್ಲ ಕೊಟ್ಟು ಒಂದು ಬೆಳ್ಳಿ ಚಮಚ ತಂದುಕೊಂಡ ಹಾಗಾಯಿತು ಅವರ ಕತೆ.

ಸಭೆ ನಡೆದದ್ದು ಕಲ್ಯಾಣದಲ್ಲಿ, ಕರಾವಳಿ ಬಳಗದ ಅಧ್ಯಕ್ಷ ಸಂಕರ್ಷಣ ಭಟ್ಟರ ಹೋಟೆಲಿನ ಮಾಳಿಗೆಯಲ್ಲಿ. ಚರ್ಚೆಯ ವಿಷಯ ಬಳಗದ ವಧು-ವರರ ದಫ್ತರ. ಹದಿನೆಂಟು ವರ್ಷಗಳಿಂದ ಅದು ಭಟ್ಟರ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ವಾಸವಾಗಿತ್ತು. ಹೋಟೆಲಿನ ಡ್ರಾಯರಿನಲ್ಲಿ ಇದ್ದ ಮೇಲೆ ಹೋಟೆಲಿನ ಸಂಸ್ಕಾರ ಆಗಲೇಬೇಕು. ಒಬ್ಬ ಹುಡುಗಿಯ ನಕ್ಷತ್ರದ ಮೇಲೆ ಸಾಂಬಾರು ಬಿದ್ದು, ಅದು ಮೃಗಶಿರೆಯೋ ಮೂಲವೋ ತಿಳಿಯದೆ ಎರಡು ಒಳ್ಳೆಯ ಸಂಬಂಧಗಳು ಕೈತಪ್ಪಿದ್ದವು. ಇದಕ್ಕೇನು ಪರಿಹಾರ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ, ಹಿಂದಿನ ಸಾಲಿನಿಂದ ಸರ್ವೋತ್ತಮರಾಯರು ಎದ್ದು, ತಮ್ಮ ಮಹಾಪೆಯ ಆಫೀಸಿನಲ್ಲಿ ಒಂದು ತಂತ್ರಾಂಶ ಉಂಟೆಂದೂ, ಅದರಲ್ಲಿ ಒಂದು ಕಡೆ ಬರೆದರೆ ಎಲ್ಲ ಕಡೆ ತನ್ನಿಂದ ತಾನೇ ಬರೆದಂತಾಗುತ್ತದೆ ಎಂದೂ ಹೇಳಿ ಕೂತುಬಿಟ್ಟರು. ಸಭೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ದಫ್ತರ ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿಗೆ ಬಂತು.

"ನಿಮ್ಮ ಕೈಯಲ್ಲಿದ್ದರೆ ಒಂದಕ್ಷರ ಆಚೀಚೆ ಆಗುವುದಿಲ್ಲ," ಎಂದರು ಭಟ್ಟರು. "ಅಷ್ಟು ನಮಗೆ ಗೊತ್ತುಂಟು."

ಇದು ಬರಿಯ ಉಪಚಾರದ ಮಾತಲ್ಲ. ರಾಯರು ರಾತ್ರಿ ಶಾಲೆಯಲ್ಲಿ ಕಲಿತವರು. ಹದಿನೈದನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲಿಡೀ ಕ್ಯಾಂಟೀನಿನಲ್ಲಿ ನಿಂತು, ಸಂಜೆ ಬೆಂಚಿನ ಮೇಲೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆದ್ದರಿಂದ ಬದುಕಿನಲ್ಲಿ ಯಾವುದೇ ಸಂಗತಿ ಅರ್ಥವಾಗದಿದ್ದರೂ, ಅದು ತಾನು ತೂಕಡಿಸಿದ ದಿನದ ಪಾಠವಿರಬೇಕು, ಬೇರೆಯವರಿಗೆಲ್ಲ ಗೊತ್ತಿದೆ ಎಂದೇ ಅವರು ನಂಬಿದ್ದರು. ಇಂಥ ಮನುಷ್ಯ ಒಂದು ಅಲ್ಪವಿರಾಮವನ್ನು ಅಳಿಸುವಾಗಲೂ ಎರಡು ಸಲ ಯೋಚಿಸುತ್ತಾನೆ. ಬಳಗದಲ್ಲಿ ಅವರಿಗೆ ಇದ್ದ ಆಸ್ತಿ ಇದೊಂದೇ: ರಾಯರು ಬರೆದದ್ದು ಇದ್ದದ್ದು ಇದ್ದ ಹಾಗೆ ಇರುತ್ತದೆ ಎಂಬ ಹೆಸರು.

ನಾಲ್ಕು ತಿಂಗಳು ಕೂತು ನೂರ ಹನ್ನೆರಡು ಬಯೋಡೇಟಾಗಳನ್ನು ರಾಯರು ಮನೆಯ ಲ್ಯಾಪ್‌ಟಾಪಿಗೆ ಇಳಿಸಿದರು. ಇಳಿಸಿದ ಮೇಲೆ ಆ ಸಾಂಬಾರಿನ ದಫ್ತರವನ್ನು ಭಟ್ಟರು ರದ್ದಿಗೆ ಹಾಕಿಬಿಟ್ಟರು. ಬರುವ ಭಾನುವಾರ ಕಲ್ಯಾಣದಲ್ಲಿ ವಧು-ವರರ ಸಮಾವೇಶ. ಶನಿವಾರ ಸಂಜೆ ನಾಲ್ಕಕ್ಕೆ ಪುಸ್ತಕ ಮುದ್ರಣಕ್ಕೆ ಹೋಗಬೇಕು. ಪುಸ್ತಕವಿಲ್ಲದಿದ್ದರೆ ಟಿಟ್ವಾಳಾದಿಂದ ವಾಶಿಯವರೆಗಿನ ತಾಯಂದಿರು ಸಭಾಂಗಣದಲ್ಲಿ ಕೂತು ಬರಿಯ ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ಎಲ್ಲರೂ ಸೇರಿ ರಾಯರನ್ನು ನೋಡುವವರಿದ್ದರು.

ಹೀಗಿರುವಾಗ ಬುಧವಾರ ಬೆಳಿಗ್ಗೆ ರಾಯರು ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮುಂದೆ ಕೂತು ತಂತ್ರಾಂಶದ ಗುರುತನ್ನು ಒತ್ತಿದರು. ಗುರುತೆಂದರೆ ಒಂದರ ಬಾಲವನ್ನೊಂದು ಕಚ್ಚಿದ ಎರಡು ನೀಲಿ ಬಾಣಗಳು. ಅವು ಒಂದು ಸುತ್ತು ತಿರುಗಿ, ಏನೋ ಮರೆತು ಬಂದವರಂತೆ ನಿಂತು, ಮಾಯವಾದವು. ಒಂದು ಚೀಟಿ ಮೂಡಿತು: ಆರಂಭಿಸಲು ಸಾಧ್ಯವಾಗಲಿಲ್ಲ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

ರಾಯರು ಹೇಳಿದ ಮಾತು ಕೇಳುವವರು. ಒಂದು ನಿಮಿಷ ಬಿಟ್ಟು ಪ್ರಯತ್ನಿಸಿದರು. ಸ್ವಲ್ಪ ಎಂದರೆ ಒಂದು ನಿಮಿಷ ಸಾಲದೇನೋ ಎಂದು ಐದು ನಿಮಿಷ ಬಿಟ್ಟರು. ಆಮೇಲೆ ಕಾಫಿ ಕುಡಿದು ಪ್ರಯತ್ನಿಸಿದರು. ಬಾಣಗಳು ಪ್ರತಿ ಸಲವೂ ಅದೇ ಒಂದು ಸುತ್ತು ಬಂದು ಹೋದವು. ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಯಲೆಂದು ಅವರು ಹೆಸರು ಮಾತ್ರ ಇಲ್ಲಿ, ಮಾಲೆಲ್ಲ ಮೇಲೆ ಇಂಟರ್ನೆಟ್ಟಿನಲ್ಲಿ ಎಂಬ ವ್ಯವಸ್ಥೆಗೆ ಒಪ್ಪಿದ್ದರು. ಹಾಗಾಗಿ ನೂರ ಹನ್ನೆರಡು ಹೆಸರುಗಳೂ ಪರದೆಯ ಮೇಲೆ ಸಾಲಾಗಿ ನಿಂತಿದ್ದವು, ಒಂದನ್ನೂ ತೆರೆಯಲು ಬರುತ್ತಿರಲಿಲ್ಲ. ಟಿಟ್ವಾಳಾದ ಕಡೆ ಹೊಸ ಕಾಂಪ್ಲೆಕ್ಸುಗಳಲ್ಲಿ ಕಟ್ಟಡಕ್ಕಿಂತ ಎರಡು ವರ್ಷ ಮೊದಲೇ ಹೆಸರಿನ ಕಮಾನು ಏಳುತ್ತದಲ್ಲ, ಹಾಗೆ. ಮೊಬೈಲಿನಲ್ಲಿ ತೆರೆಯಲು ಹೋದರೆ ಅದು ಮೊದಲು ಲ್ಯಾಪ್‌ಟಾಪಿನಿಂದ ಅನುಮತಿ ತನ್ನಿ ಎಂದಿತು.

ಹೆಂಡತಿ ಉಮಾವತಿ ಅಡುಗೆಮನೆಯಿಂದಲೇ ತನಿಖೆ ಮುಗಿಸಿದರು. "ನಾನು ನಿನ್ನೆಯಷ್ಟೇ ಟಿಟ್ವಾಳಾದ ಗುಡಿಗೆ ಹೋಗಿ ಬಂದಿದ್ದೇನೆ. ಅಂಗಾರಕಿ ಸಂಕಷ್ಟಿ. ಇವತ್ತು ಈ ಮನೆಯಲ್ಲಿ ಎಂತ ಹಾಳಾದ್ರೂ ಅದು ಗಣಪತಿ ಮಾಡಿದ್ದಲ್ಲ."

ಗಣಪತಿ ಅಲ್ಲ ಎಂದ ಮೇಲೆ ಮನೆಯಲ್ಲಿ ಉಳಿಯುವವರು ಇಬ್ಬರು. ಮಗಳು ಪ್ರಣೀತಾ ಐರೋಲಿಯ ಆಫೀಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ "ಪಪ್ಪಾ, ರೀಸ್ಟಾರ್ಟ್ ಕರೋ ನಾ" ಎಂದು ಸಲಹೆ ಕೊಟ್ಟು ಹೋಗಿಬಿಟ್ಟಳು. ಹಾಗಾದರೆ ಉಳಿದವರು ಒಬ್ಬರೇ. ರಾಯರು ಆ ತೀರ್ಪನ್ನು ಮರುಮಾತಿಲ್ಲದೆ ಒಪ್ಪಿಕೊಂಡು ರೀಸ್ಟಾರ್ಟ್ ಮಾಡಿದರು. ಬಾಣ ಒಂದು ಸುತ್ತು ಬಂತು.

ಸಂಜೆ ಮಹಾಪೆಯಿಂದ ಬಂದವರು ಡೊಂಬಿವಲಿಯಲ್ಲಿ ಇಳಿಯದೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನೇರ ಕಲ್ಯಾಣಕ್ಕೆ ಹೋದರು. ಭಟ್ಟರ ಗಲ್ಲಾದ ಕಂಪ್ಯೂಟರಿನಲ್ಲೂ ಅದೇ ತಂತ್ರಾಂಶವನ್ನು ಅವರೇ ತಮ್ಮ ಕೈಯಾರೆ ಹಾಕಿ ಹೋಗಿದ್ದರು. ಎಲ್ಲ ಕಡೆ ಬರೆದಂತಾಗುತ್ತದೆ ಎಂಬಲ್ಲಿ ಆ 'ಎಲ್ಲ ಕಡೆ' ಎಂದರೆ ಅದೊಂದೇ ಕಡೆ. ಅಲ್ಲಿ ನೋಡಿದರೆ ಬಾಣದ ಗುರುತೇ ಇಲ್ಲ. ಕ್ಯಾಶಿಯರ್ ಬಿಲ್ ಹರಿಯುತ್ತಲೇ ವಿವರಿಸಿದ: ಆ ನೀಲಿ ಬಾಣ ತಿರುಗಲು ಶುರುವಾದರೆ ಬಿಲ್ ತಡವಾಗುತ್ತಿತ್ತು, ಗಿರಾಕಿಗಳು ಕೈ ತೊಳೆದು ಬಂದು ನಿಂತೇ ಇರುತ್ತಿದ್ದರು, ಅದಕ್ಕೆ ಎರಡನೆಯ ವಾರದಲ್ಲೇ ತೆಗೆದು ಹಾಕಿದೆ. ಯಾರಿಗೂ ಹೇಳಲಿಲ್ಲವೇ ಎಂದರೆ, ಯಾರೂ ಕೇಳಲಿಲ್ಲ ಎಂದ.

ಸಂಕರ್ಷಣ ಭಟ್ಟರು ಗಾಬರಿಯಾಗುವ ಜಾತಿಯಲ್ಲ. ನಲವತ್ತು ವರ್ಷ ಹೋಟೆಲು ನಡೆಸಿದವರಿಗೆ ಅನ್ನ ಮುಗಿದಾಗಲೂ 'ಬರ್ತಾ ಉಂಟು' ಎನ್ನುವ ಅಭ್ಯಾಸ. ಅವರು ರಾಯರಿಗೆ ಒಂದು ಕಾಫಿ ಕುಡಿಸಿ, ಪಕ್ಕದ ಗಲ್ಲಿಯ ಜಯೇಶನ ರಿಪೇರಿ ಅಂಗಡಿಗೆ ಕಳಿಸಿದರು.

ಜಯೇಶ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಸಂದಿಗಳಿಗೆ ಗಾಳಿ ಊದಿ, ಕಿವಿಗೆ ಹಿಡಿದು ಆಲಿಸಿದ. ಇದರ ಹತ್ತಿರ ಕೂತು ಏನಾದರೂ ತಿನ್ನುತ್ತೀರಾ ಎಂದು ಕೇಳಿದ. ರಾಯರು ಪ್ರಾಮಾಣಿಕವಾಗಿ ಯೋಚಿಸಿ, ಒಂದು ಸಲ ಚಕ್ಕುಲಿ ತಿಂದದ್ದುಂಟು ಎಂದು ಒಪ್ಪಿಕೊಂಡರು. ಜಯೇಶನಿಗೆ ಬೇಕಾದದ್ದು ಅಷ್ಟೇ. "ಅಂಕಲ್, ಫಾರ್ಮ್ಯಾಟ್ ಮಾರ್‌ನಾ ಪಡೇಗಾ," ಎಂದು ತೀರ್ಮಾನ ಕೊಟ್ಟ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದು ಏನಾಗುತ್ತದೆ ಎಂದು ರಾಯರು ಕೇಳಿದರು. ಜಯೇಶ ತಲೆಯೆತ್ತಿ ಫ್ಯಾನ್ ನೋಡಿದ. ರಾಯರು ಲ್ಯಾಪ್‌ಟಾಪನ್ನು ಅವನ ಕೈಯಿಂದ ಕಸಿದುಕೊಂಡು, ಕೂಸನ್ನು ಅವಚಿಕೊಂಡ ಹಾಗೆ ಎದೆಗೊತ್ತಿಕೊಂಡು ಲೋಕಲ್ ರೈಲು ಹತ್ತಿದರು. ಒಬ್ಬ ಪುಣ್ಯಾತ್ಮ ಎದ್ದು ಸೀಟು ಕೊಟ್ಟ.

ಗುರುವಾರ ಬೆಳಿಗ್ಗೆ ರಾಯರು ಮಾಡಿದ ಕೆಲಸವನ್ನು ಬುದ್ಧಿವಂತರು ಯಾರೂ ಮಾಡುವುದಿಲ್ಲ. ಅವರು ಬಳಗದ ವಾಟ್ಸಾಪ್ ಗುಂಪಿನಲ್ಲಿ ತಪ್ಪೊಪ್ಪಿಗೆ ಹಾಕಿದರು. ಮೂರು ಸಲ ತಿದ್ದಿ ಬರೆದದ್ದು ಹೀಗಿತ್ತು: "ಬಳಗದ ಸರ್ವ ಸದಸ್ಯರಿಗೆ ನಮಸ್ಕಾರಗಳು. ನನ್ನ ಅಜ್ಞಾನದಿಂದ ವಧು-ವರರ ನೂರ ಹನ್ನೆರಡು ಬಯೋಡೇಟಾಗಳು ಸದ್ಯ ಕೈಗೆ ಸಿಗುತ್ತಿಲ್ಲ. ಸಿಗುವವೋ ಇಲ್ಲವೋ ಹೇಳಲಾರೆ. ಯಂತ್ರದ ತಪ್ಪು ಎನ್ನಬಹುದಿತ್ತು, ಆದರೆ ಒತ್ತಿದವನು ನಾನು. ಕ್ಷಮೆ ಇರಲಿ."

ಹಾಕಿ, ಫೋನನ್ನು ದೂರ ಇಟ್ಟು, ಬೈಗುಳಕ್ಕೆ ಸಿದ್ಧರಾಗಿ ಕೂತರು.

ಬೈಗುಳ ಬರಲಿಲ್ಲ. ಕೈಮುಗಿದ ಚಿತ್ರಗಳು ಬಂದವು, ಗುಲಾಬಿ ಹೂಗಳು ಬಂದವು. ಸದ್ಯ ಸಿಗುತ್ತಿಲ್ಲ ಎಂದು ರಾಯರು ಬರೆದದ್ದು ಡೊಂಬಿವಲಿ ದಾಟುವಾಗ ಹಾಳಾಯಿತು ಎಂದಾಯಿತು. ಥಾಣೆ ಮುಟ್ಟುವಾಗ ಕಳುವಾಯಿತು ಎಂದಾಯಿತು. ವಾಶಿಗೆ ಹೋಗುವಷ್ಟರಲ್ಲಿ ಕಂಪ್ಯೂಟರು ಸುಟ್ಟುಹೋಗಿ ರಾಯರ ಬಲಗೈಗೆ ಬೊಬ್ಬೆ ಬಂದಿತ್ತು. ಅಲ್ಲಿಂದ ಅನಸೂಯಾ ಎಂಬವರು ಫೋನ್ ಮಾಡಿ ಲೋಳೆಸರ ಹಚ್ಚಿ ಎಂದರು. ಕೈಗೇನೂ ಆಗಿಲ್ಲ ಎಂದು ರಾಯರು ಎಷ್ಟು ಹೇಳಿದರೂ, ದೊಡ್ಡ ಮನಸ್ಸಿನವರು ನೋವನ್ನು ಹೇಳಿಕೊಳ್ಳುವುದಿಲ್ಲ ಎಂದು ಅವರು ಮೆಚ್ಚಿದರು. ಆಮೇಲೆ ಮೆಲ್ಲಗೆ, ಹಳೆಯದೆಲ್ಲ ಹೋಯಿತಲ್ಲ, ಇನ್ನು ಬರುವುದಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು, ಮಗಳದ್ದು ಹೊಸದಾಗಿ ಕಳಿಸುತ್ತೇನೆ ಎಂದು ಫೋನಿಟ್ಟರು.

ಮೊದಲು ಮನೆಗೇ ಬಂದವರು ಮೂರನೆಯ ಮಾಳಿಗೆಯ ನಳಿನಾಕ್ಷಿಯಮ್ಮ, ಮಗ ಹಿತೇಶನ ಹೊಸ ಬಯೋಡೇಟಾ ಹಿಡಿದುಕೊಂಡು. ಹೋದದ್ದು ಒಳ್ಳೆಯದೇ ಆಯ್ತು ಬಿಡಿ ರಾಯರೆ, ಹಳೆಯದು ಗಡಿಬಿಡಿಯಲ್ಲಿ ಬರೆದದ್ದು, ಎಂದು ಅವರು ರಾಯರನ್ನೇ ಸಮಾಧಾನ ಮಾಡಿದರು. ಹಳೆಯದನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಿದ್ದ ರಾಯರಿಗೆ ಅದು ಬಾಯಿಪಾಠವಾಗಿತ್ತು. ಅದರಲ್ಲಿ ಹಿತೇಶ ಐದಡಿ ಐದಂಗುಲ, ಮೂವತ್ತೈದು ವರ್ಷ. ಇದರಲ್ಲಿ ಐದಡಿ ಎಂಟಂಗುಲ, ಮೂವತ್ತೆರಡು ವರ್ಷ. ಅದೇ ಹಿತೇಶ ಅಂದು ಬೆಳಿಗ್ಗೆ ಹಾಲಿನ ಸಾಲಿನಲ್ಲಿ ಅವರ ಭುಜದಷ್ಟೇ ಎತ್ತರಕ್ಕೆ ನಿಂತಿದ್ದ. ರಾಯರು ಏನೋ ಹೇಳಲು ಬಾಯಿ ತೆರೆದರು. ತಾನು ಕಳೆದುಹಾಕಿದವನು, ಕೇಳುವ ಹಕ್ಕು ತನಗೇನಿದೆ ಎಂದು ಮುಚ್ಚಿದರು.

ಆಮೇಲೆ ತೂಬು ತೆರೆದ ಹಾಗೆ ಹರಿದು ಬಂತು. ಗುರುವಾರ ಒಂದೇ ದಿನದಲ್ಲಿ ಬಳಗದ ಕನ್ಯೆಯರ ಒಟ್ಟು ವಯಸ್ಸಿನಲ್ಲಿ ಸುಮಾರು ನೂರು ವರ್ಷ ಇಳಿಯಿತು. ಸೂಪರ್‌ವೈಸರುಗಳು ಮ್ಯಾನೇಜರುಗಳಾದರು. ಮುರಿದ ನಿಶ್ಚಿತಾರ್ಥಗಳು ನಡೆದೇ ಇರಲಿಲ್ಲವೆಂದಾಯಿತು. ಕಳವಾ ಎಂಬ ಊರಿನಲ್ಲಿ ಒಂದೊಂದೇ ಕೋಣೆಯಲ್ಲಿದ್ದ ಏಳು ಸಂಸಾರಗಳು ಒಟ್ಟಿಗೆ ಖಾಡಿಯ ಹಿನ್ನೀರು ದಾಟಿ ಥಾಣೆಗೆ ಬಂದವು. ಟಿಟ್ವಾಳಾದವರು ಕಲ್ಯಾಣಕ್ಕೂ, ಕಲ್ಯಾಣದವರು 'ಕಲ್ಯಾಣ-ಥಾಣೆ ನಡುವೆ' ಎಂಬ ಹೊಸ ಊರಿಗೂ ಬಿಡಾರ ಬದಲಿಸಿದರು. ಸಾಮಾನು ಸಾಗಿಸುವವರ ಸಹಾಯವಿಲ್ಲದೆ ಇಷ್ಟು ಮಂದಿ ಒಂದೇ ದಿನ ಮನೆ ಬದಲಿಸಿದ್ದು ಆ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು.

ಬಂದ ಒಂದೊಂದನ್ನೂ ರಾಯರು ಹಳೆಯ ಹೆಸರಿನಲ್ಲೇ ಅದೇ ಜಾಗದಲ್ಲಿ ಹಾಕಿಟ್ಟರು. ಹೆಸರು ಬದಲಿಸಿದರೆ ಗೊಂದಲವಾದೀತೆಂದು ಅವರ ಎಣಿಕೆ. ಡೈರಿಯಲ್ಲಿ ಗೀಟು ಹಾಕಿ ಲೆಕ್ಕವಿಟ್ಟರು: ತೊಂಬತ್ತಾರು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತು.

ಶುಕ್ರವಾರ ರಜೆ ಹಾಕಿ ತಂತ್ರಾಂಶದವರ ಸಹಾಯವಾಣಿಗೆ ಫೋನ್ ಹಚ್ಚಿದರು. ನಲವತ್ತು ನಿಮಿಷ ಕೊಳಲಿನ ಸಂಗೀತ ಕೇಳಿದ ಮೇಲೆ ತನ್ವಿ ಎಂಬ ಹುಡುಗಿಯ ದನಿ ಬಂತು. ಒಳ್ಳೆಯ ಹುಡುಗಿ. ರಾಯರು ಮೊದಲಿಗೇ ಕ್ಷಮೆ ಕೇಳಿ, ತನ್ನದೇ ತಪ್ಪೆಂದೂ, ಚಕ್ಕುಲಿ ತಿಂದಿದ್ದೇನೆಂದೂ ಹೇಳಿಕೊಂಡರು. ಚಕ್ಕುಲಿಗೂ ಇದಕ್ಕೂ ಸಂಬಂಧವಿಲ್ಲ ಸರ್ ಎಂದು ಅವಳು ಎರಡು ಸಲ ಹೇಳಬೇಕಾಯಿತು. ತಂತ್ರಾಂಶವನ್ನು ತೆಗೆಸಿದಳು, ಪುನಃ ಹಾಕಿಸಿದಳು, ವೈರಸ್ ಕಾವಲುಗಾರನನ್ನು ಮಲಗಿಸಿ ಎಬ್ಬಿಸಿದಳು. ಬಾಣ ಒಂದು ಸುತ್ತು ಬಂದು ಹೋಗುತ್ತಿತ್ತು. ಒಂದೂಕಾಲು ಗಂಟೆಯ ಕೊನೆಗೆ, ಸೋತವಳ ದನಿಯಲ್ಲಿ ಕೇಳಿದಳು:

"ಸರ್, ಆಪ್‌ಕೇ ಸ್ಕ್ರೀನ್ ಪೇ ಟೈಮ್ ಕ್ಯಾ ದಿಖಾ ರಹಾ ಹೈ?"

ಹನ್ನೊಂದು ಇಪ್ಪತ್ತು ಎಂದರು ರಾಯರು.

ಅವಳು ತನ್ನ ಗಡಿಯಾರ ನೋಡಿದಳು; ಅಲ್ಲಿ ಹತ್ತು ನಲವತ್ತೇಳು. "ಸರ್, ಅಭೀ ದಸ್ ಸೈಂತಾಲೀಸ್ ಹುಆ ಹೈ."

ರಾಯರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಸಮಾಧಾನದಿಂದ ವಿವರಿಸಿದರು: ಇದು ತಪ್ಪಲ್ಲ, ಬೇಕೆಂದೇ ಹತ್ತು ನಿಮಿಷ ಮುಂದೆ ಇಟ್ಟದ್ದು, ಏಳು ನಲವತ್ತೆರಡರ ಲೋಕಲ್‌ಗಾಗಿ. ಓದುಗರಲ್ಲಿ ದೂರದವರು ಯಾರಾದರೂ ಇದ್ದರೆ ಅವರಿಗೂ ಇದನ್ನು ಹೇಳಬೇಕು. ಡೊಂಬಿವಲಿಯಲ್ಲಿ ಸರಿಯಾದ ಗಡಿಯಾರ ಇಟ್ಟುಕೊಂಡ ಮನೆಯವರು ಲೋಕಲ್ ಹತ್ತಿದ್ದಿಲ್ಲ. ಮೊಬೈಲಿನಲ್ಲಿ ಸರಿಯಾದ ಸಮಯ ಇರುತ್ತದೆ ನಿಜ. ಆದರೆ ಸರಿಯಾದ ಸಮಯಕ್ಕೆ ಹೆದರುವವರು ಯಾರು? ರಾಯರ ಗೋಡೆ ಗಡಿಯಾರ ಹೋದ ವರ್ಷ ನಿಂತ ಮೇಲೆ ಊಟದ ಮೇಜಿನ ಲ್ಯಾಪ್‌ಟಾಪೇ ಮನೆಯ ಗಡಿಯಾರವಾಗಿತ್ತು.

"ಮೈ ಬದಲಾಪುರ್ ಸೇ ಹೂಂ ಸರ್," ಎಂದಳು ತನ್ವಿ. "ಹಮಾರೇ ಘರ್ ಮೇ ಪಂದ್ರಾ ಮಿನಿಟ್ ಆಗೇ ಹೈ. ಪರ್ ಆಪ್‌ಕಾ ತೈಂತೀಸ್ ಹೈ."

ಅವಳ ಮನೆಯಲ್ಲಿ ಹದಿನೈದು, ಇಲ್ಲಿ ಮೂವತ್ತಮೂರು. ಅರ್ಧ ಗಂಟೆಯವರೆಗೂ ತಮ್ಮ ತಂತ್ರಾಂಶ ಸಹಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾದರೆ ಇದು ಯಾವ ಲೋಕದ ಯಂತ್ರವೋ ಎಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಅವಳು ತಿಳಿಸಿದಳು. ರಾಯರು ಹೆಂಡತಿಯನ್ನು ಕರೆದು, ಗಡಿಯಾರವನ್ನು ಮುಟ್ಟಿದ್ದೀಯಾ ಎಂದು ಕೇಳಿದರು.

"ಹತ್ತು ನಿಮಿಷ ಮುಂದೆ ಇಟ್ಟೆ, ಸೋಮವಾರ. ಅಂಗಾರಕಿಗೆ ಬೇಗ ಹೋಗ್ಬೇಕಿತ್ತು."

"ಹತ್ತೇ?"

"ಮತ್ತೆ ಮೂರು. ಲಿಫ್ಟ್ ಬಂದ್ ಇತ್ತಲ್ಲ."

ಐರೋಲಿಗೆ ಫೋನ್ ಹೋಯಿತು. ಹೊಸ ಆಫೀಸು ಸೇರಿದಾಗ ತಾನೂ ಹತ್ತು ನಿಮಿಷ ಮುಂದಿಟ್ಟಿದ್ದೆ, ಅದರಲ್ಲೇನು ವಿಶೇಷ ಎಂದು ಪ್ರಣೀತಾ ಕೇಳಿದಳು. ಮೂವರೂ ಒಂದೇ ಗಡಿಯಾರಕ್ಕೆ, ಒಬ್ಬರಿಗೊಬ್ಬರು ಹೇಳದೆ, ತಮ್ಮ ತಮ್ಮ ಹತ್ತು ನಿಮಿಷಗಳನ್ನು ಸೇರಿಸಿದ್ದರು. ಟಿಟ್ವಾಳಾದಲ್ಲಿ ಅಂಗಾರಕಿಯ ದಿನವೂ ಸಾಲೇ ಇರಲಿಲ್ಲ, ಗಣಪತಿ ನನಗಾಗಿ ದಾರಿ ಬಿಡಿಸಿದ ಎಂದು ಉಮಾವತಿ ನಾಲ್ಕು ದಿನದಿಂದ ಹೇಳುತ್ತಿದ್ದುದರ ಗುಟ್ಟೂ ಹೀಗೆ ಹೊರಬಿತ್ತು. ರಾಯರು ಮಂಗಳವಾರದಿಂದ ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ ಇದ್ದದ್ದನ್ನು ಕಂಡು, ಯಾವುದೋ ಹಬ್ಬದ ರಜೆ ತನಗೊಬ್ಬನಿಗೇ ಗೊತ್ತಾಗಿಲ್ಲ ಎಂದುಕೊಂಡಿದ್ದರು.

ಗಡಿಯಾರವನ್ನು ಸರಿಮಾಡಿದರು. ಬಾಣ ಒತ್ತಿದರು. ಅದು ಒಂದು ಸುತ್ತು ಬಂತು, ಎರಡು ಸುತ್ತು ಬಂತು, ತಿರುಗುತ್ತಲೇ ಹೋಯಿತು. ರಾಯರು ತನ್ವಿಗೆ ನಿನಗೆ ಒಳ್ಳೆಯ ಗಂಡ ಸಿಗಲಮ್ಮಾ ಎಂದು ಹರಸಿದರು. ನನಗೆ ಮದುವೆಯಾಗಿದೆ ಸರ್, ಎಂದಳು ಅವಳು.

ನೂರ ಹನ್ನೆರಡೂ ಇಳಿದು ಬಂದವು. ಆ ಸಂತೋಷದಲ್ಲಿ ರಾಯರು, ಉಮಾವತಿ ಅಡುಗೆಮನೆಯಿಂದ ಬಂದು ತಡೆಯುವ ಮೊದಲೇ, ಗುಂಪಿನಲ್ಲಿ ಬರೆದುಬಿಟ್ಟರು: "ದೇವರ ದಯೆಯಿಂದ ಹಳೆಯ ಬಯೋಡೇಟಾಗಳೆಲ್ಲವೂ ಹಾಗೆ ಹಾಗೆಯೇ ಸಿಕ್ಕಿವೆ."

ಎರಡು ದಿನದಿಂದ ಒಂದು ನಿಮಿಷ ಬಾಯಿ ಮುಚ್ಚದ ಗುಂಪು ಹನ್ನೊಂದು ನಿಮಿಷ ಸ್ತಬ್ಧವಾಯಿತು. ಒಂದು ಗುಲಾಬಿ ಹೂ ಕೂಡ ಬರಲಿಲ್ಲ.

ಆಮೇಲೆ ಬಾಗಿಲ ಗಂಟೆ ಸದ್ದಾಯಿತು. ನಳಿನಾಕ್ಷಿಯಮ್ಮ ಈ ಸಲ ಕೂರಲೂ ಇಲ್ಲ. ಹಳೆಯದನ್ನು ತೆಗೆದುಹಾಕಬೇಕು ಎಂದರು. ರಾಯರು ಸಂಕೋಚದಿಂದಲೇ ಆ ಮೂರು ಅಂಗುಲದ ವಿಷಯ ಎತ್ತಿದರು.

"ಹಿತೇಶ ಬೆಳೆದಿದ್ದಾನೆ. ಯೋಗಕ್ಕೆ ಹೋಗ್ತಾನಲ್ಲ."

ರಾಯರಿಗೆ ಯೋಗದ ಪಾಠ ನಡೆದ ದಿನವೂ ತಾನು ತೂಕಡಿಸಿರಬೇಕು ಅನಿಸಿತು. "ವಯಸ್ಸು ಕೂಡ...?"

"ಅದಕ್ಕೇ ತಾನೆ ರಾಯರೆ ಯೋಗ ಮಾಡುವುದು."

ಫೋನುಗಳು ಶುರುವಾದವು. ಕೆಲವರು ಗದರಿದರು, ಕೆಲವರು ಅತ್ತರು. ವಾಶಿಯ ಅನಸೂಯಾ ಸುಟ್ಟ ಕೈಯಲ್ಲಿ ಕಂಪ್ಯೂಟರು ಮುಟ್ಟುವ ಸಾಹಸ ಯಾಕೆ ಬೇಕಿತ್ತು ಎಂದು ಕೇಳಿದರು. ಕಳವಾ ಊರಿನ ಒಬ್ಬರು, ನೀವು ಬರೆದ ಹಾಗೆ ನಾವು ಪುನಃ ಖಾಡಿಯ ಈಚೆ ಬರಬೇಕಾ ಎಂದು ನ್ಯಾಯ ಕೇಳಿದರು. ಕೊನೆಗೆ ಭಟ್ಟರೇ ಫೋನ್ ಮಾಡಿ ತೀರ್ಪು ಕೊಟ್ಟರು. "ನೀವು ಜಡ್ಜ್ ಅಲ್ಲ ಮಾರಾಯ್ರೆ. ಅವರವರು ಹೇಳಿದ್ದನ್ನು ಹಾಕಿ. ಎಷ್ಟು ಕೂಡಿಸ್ಬೇಕು ಎಷ್ಟು ಕಳೀಬೇಕು ಅಂತ ಓದುವವರಿಗೆ ಗೊತ್ತುಂಟು."

ಶನಿವಾರ ಮಧ್ಯಾಹ್ನ ರಾಯರು ಊಟವಾದೊಡನೆ ಕೂತರು. ಒಂದೇ ಹೆಸರಿನ ಎರಡೆರಡು ಕಡತ ಕಂಡ ತಂತ್ರಾಂಶ ಒಂದೊಂದಕ್ಕೂ ಕೇಳುತ್ತಿತ್ತು: ಎರಡು ಪ್ರತಿಗಳಿವೆ, ಯಾವುದನ್ನು ಉಳಿಸಲಿ, ಹಳೆಯದೋ ಹೊಸದೋ? ರಾಯರು ಹೊಸದನ್ನು ಒತ್ತಿದರು. ಹಿತೇಶ ಮೂರಂಗುಲ ಬೆಳೆದ. ಮತ್ತೊಂದು ಒತ್ತಿದರು. ಒಬ್ಬಳ ನಿಶ್ಚಿತಾರ್ಥ ಅಳಿದುಹೋಯಿತು. ಒಂದಕ್ಷರ ಆಚೀಚೆ ಆಗದ ಕೈ ಅಂದು ಗಾಣದೆತ್ತಿನ ಹಾಗೆ ತೊಂಬತ್ತಾರು ಸಲ ಒತ್ತಿತು. ಮೂರೂವರೆ ಹೊತ್ತಿಗೆ, ಮುಗಿಯಿತು ಎಂದು ಅವರು ಬೆನ್ನು ಒರಗಿಸಿದಾಗ, ತಂತ್ರಾಂಶ ಇನ್ನೊಂದು ಕೇಳಿತು.

ಡೈರಿಯಲ್ಲಿ ತೊಂಬತ್ತಾರೇ ಗೀಟು. ಇದು ತೊಂಬತ್ತೇಳನೆಯದು. ಹೆಸರು ಪ್ರಣೀತಾ ಸರ್ವೋತ್ತಮ ರಾವ್.

ರಾಯರು ಎರಡನ್ನೂ ತೆರೆದರು. ಹಳೆಯದು ಉಮಾವತಿ ಹೇಳಿ ಬರೆಸಿದ್ದು. ಮಗಳು ಹುಟ್ಟಿದ ವರ್ಷ ತಾಯಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಒಂದೇ ಮಾತಿಗೆ ರಾಯರು ಅದನ್ನು ಒಂದಕ್ಷರ ಮುಟ್ಟದೆ ಟೈಪು ಮಾಡಿದ್ದರು: ವಯಸ್ಸು ಇಪ್ಪತ್ತೊಂಬತ್ತು, ಎತ್ತರ ಐದಡಿ ನಾಲ್ಕಂಗುಲ, ಗೃಹಕೃತ್ಯದಲ್ಲಿ ನಿಪುಣೆ, ಭಜನೆ ಹಾಡುವಳು. ಹೊಸದನ್ನು ಗುರುವಾರ ಅವರು ಸ್ನಾನಕ್ಕೆ ಹೋದಾಗ ಪ್ರಣೀತಾ ತಾನೇ ಕೂತು ಹಾಕಿದ್ದಳು. ವಯಸ್ಸು ಮೂವತ್ತೊಂದು. ಎತ್ತರ ಐದಡಿ ಎರಡಂಗುಲ. ಅಡುಗೆ: ಅನ್ನ, ಸಾರು, ಅದೂ ಕುಕ್ಕರ್ ಇದ್ದರೆ. ಹಾಡು: ಇಲ್ಲ. ಹಿಂದಿನ ಸಂಬಂಧ: ಒಂದು ನಿಶ್ಚಯವಾಗಿ ಮುರಿದಿದೆ, ಮುರಿದದ್ದು ನಾನು. ಕೊನೆಗೆ ವರನ ಬಗ್ಗೆ ನಿರೀಕ್ಷೆ ಎಂಬಲ್ಲಿ: ವಯಸ್ಸು ಎಷ್ಟಾದರೂ ಸರಿ, ಬರೆದದ್ದೇ ಆಗಿರಬೇಕು.

ತೊಂಬತ್ತೇಳು ಹೊಸ ಪ್ರತಿಗಳಲ್ಲಿ ವಯಸ್ಸು ಏರಿದ್ದು ಇದೊಂದರಲ್ಲೇ.

ಉಮಾವತಿ ಯಾವಾಗಲೋ ಬಂದು ಬೆನ್ನ ಹಿಂದೆ ನಿಂತಿದ್ದರು. ಅವರಿಗೆ ಕನ್ನಡಕ ಬೇಕಾಗಲಿಲ್ಲ. "ಹಳೆಯದನ್ನು ಒತ್ತಿ," ಎಂದರು.

ರಾಯರು ಎರಡನ್ನೂ ಇನ್ನೊಮ್ಮೆ ಓದಿದರು.

"ಎಲ್ಲರೂ ಮೂರು ಮೂರು ವರ್ಷ ಕಡಿಮೆ ಹಾಕಿದ್ದಾರೆ ಅಂತ ಓದುವವರಿಗೆ ಗೊತ್ತುಂಟು. ಮೂವತ್ತೊಂದು ಅಂತ ಕಂಡ್ರೆ ಮೂವತ್ತನಾಲ್ಕು ಅಂತ ಓದ್ತಾರೆ. ಇಡೀ ಪುಸ್ತಕದಲ್ಲಿ ನಮ್ಮ ಹುಡುಗಿ ಒಬ್ಬಳೇ ಮುದುಕಿ ಆಗ್ತಾಳೆ. ಊರಿನವರದ್ದೆಲ್ಲ ಒತ್ತಿದ ಕೈಗೆ ಮನೆಯವಳದ್ದು ಒಂದು ಒತ್ತಲಿಕ್ಕೆ ಆಗುವುದಿಲ್ವಾ?"

ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನುವಂತಿಲ್ಲ. ಪ್ರಣೀತಾ ಕಿಟಕಿಯ ಹತ್ತಿರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ರಾಯರು ಅವಳ ಕಡೆ ತಿರುಗಿ, ಯಾವುದು ಬೇಕಮ್ಮಾ ಎಂದು ಕೇಳಿದರು.

"ಆಪ್ ಜೋ ದಬಾಯೇಂಗೇ ಚಲೇಗಾ, ಪಪ್ಪಾ," ಎಂದಳು ಅವಳು, ಯಾವುದನ್ನು ಒತ್ತಿದರೂ ನಡೆಯುತ್ತದೆ ಎಂಬಂತೆ, ತಲೆಯೆತ್ತದೆ. "ಅದರ ಮೇಲೆ ನಿಮ್ಮದೂ ಹೆಸರು ಉಂಟು, ಅಷ್ಟೇ."

ಅವಳು ಕನ್ನಡದಲ್ಲಿ ಪೂರ್ತಿ ಒಂದು ವಾಕ್ಯ ಆಡಿ ವರ್ಷವಾಗಿತ್ತು. ರಾಯರು ಬೆವರಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊಸದನ್ನು ಒತ್ತಿದರು.

ಉಮಾವತಿ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ತಾಯಿಯ ವಯಸ್ಸು ಅಂತ ಒಂದು ಸಾಲು ಉಂಟಲ್ಲ, ಇದನ್ನು ಅವಳು ಹಳೆಯದರಿಂದ ಹಾಗೇ ಇಳಿಸಿದ್ದಾಳೆ. ಐವತ್ತಾರು ಅಂತ," ಎಂದರು.

"ಹೌದು, ಐವತ್ತಾರು," ಎಂದರು ರಾಯರು.

"ಅಲ್ಲ."

ಇಸ್ತ್ರಿ ನಿಂತಿತು.

"ಐವತ್ತೊಂಬತ್ತು. ನಿಮಗಿಂತ ಐದು ತಿಂಗಳು ದೊಡ್ಡವಳು. ನಿಮ್ಮ ಅಮ್ಮನಿಗೆ ಹುಡುಗಿ ಮೂರು ವರ್ಷ ಸಣ್ಣವಳೇ ಆಗಬೇಕಿತ್ತು. ನಮ್ಮ ಅಪ್ಪ ಹಾಗೆ ಬರೆಸಿದ್ರು. ಆಮೇಲೆ ನಿಮಗೆ ಹೇಳುವ ಅಂತ ಇದ್ದೆ."

"ಯಾವಾಗ?"

"ಪುರುಸೊತ್ತೇ ಆಗಲಿಲ್ಲ."

ಮದುವೆಯಾಗಿ ಮೂವತ್ತಮೂರು ವರ್ಷ. ಈ ಮೂವತ್ತಮೂರು ವರ್ಷಗಳಲ್ಲಿ ಮನೆ ಕೊಳ್ಳುವಾಗ, ಮಗಳನ್ನು ಶಾಲೆಗೆ ಹಾಕುವಾಗ, ಪಾಯಸಕ್ಕೆ ಬೆಲ್ಲ ಎಷ್ಟು ಎಂಬಲ್ಲಿ ಕೂಡ, ವಾದದ ಕೊನೆಗೆ ರಾಯರು ಹೂಡುತ್ತಿದ್ದ ಬ್ರಹ್ಮಾಸ್ತ್ರ ಒಂದೇ ಆಗಿತ್ತು: ನಾನು ನಿನಗಿಂತ ಮೂರು ವರ್ಷ ಹೆಚ್ಚು ಲೋಕ ಕಂಡಿದ್ದೇನೆ. ಆ ವಾದಗಳೆಲ್ಲ ಈಗ ಮರುವಿಚಾರಣೆಗೆ ಬಂದವು. ಪ್ರಣೀತಾ ಇಸ್ತ್ರಿಯ ಮೇಲೆ ಕೈಯಿಟ್ಟು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಉಮಾವತಿಗೆ ನಗು ಬರಲಿಲ್ಲ. ಗಂಡ ಏನು ಹೇಳುತ್ತಾರೆಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಾಯುತ್ತಿದ್ದರು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ.

ರಾಯರು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಐವತ್ತಾರನ್ನು ಅಳಿಸಿದರು. ಅಳಿಸುವ ಮೊದಲು ಎರಡು ಸಲ ಯೋಚಿಸಲಿಲ್ಲ. ಐವತ್ತೊಂಬತ್ತು ಎಂದು ಬರೆದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಭಟ್ಟರ ಫೋನ್ ಬಂತು. ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು. ಮುದ್ರಣದವನು ಎರಡು ಕಾಫಿ ಮುಗಿಸಿ ಕೂತಿದ್ದಾನಂತೆ.

"ಕಳಿಸ್ತಾ ಇದ್ದೀರಲ್ಲ ರಾಯರೆ? ಎಲ್ಲ ಸರಿ ಉಂಟಲ್ಲ?"

ರಾಯರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವರು ಒಮ್ಮೆ ಮಗಳನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದರು.

"ಎರಡು ವಯಸ್ಸು ಸರಿ ಉಂಟು," ಎಂದರು. "ಅಷ್ಟು ನನಗೆ ಗೊತ್ತುಂಟು."

ಭಟ್ಟರು ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟರು.

"ಎರಡಾ," ಎಂದರು. "ಸಾಕು. ಹೋದ ವರ್ಷ ಅಷ್ಟೂ ಇರಲಿಲ್ಲ. ಕಳಿಸಿ."